ಎರಡನೇ ಸಲ ಬಡಿಸಿದ ಆಲೂಗಡ್ಡೆ

ಮೂರನೇ ಮಹಡಿಯ ಗೆಳತಿ ನಸೀಮಾ,

ಈ ಕಾಗದವನ್ನು ಇದಕ್ಕೂ ಮೊದಲು ಎರಡು ಸಲ ಬರೆದು ಮುಗಿಸಿದ್ದೆ. ಎರಡರಲ್ಲೂ ನಿನ್ನ ಕಾರು ಇತ್ತು, ನಿನ್ನ ಹಾಡುಗಳಿದ್ದವು, ಲತೀಫಾಳ ನಗುವೂ ಇತ್ತು. ಆ ಅಮೆರಿಕದ ಸಂಪಾದಕಿಯ ಉತ್ತರ ಮಾತ್ರ ಇರಲಿಲ್ಲ. ಮೂರನೆಯ ಸಲವೂ ಅದನ್ನು ದಾಟಿಕೊಂಡು ಹೋಗಿಬಿಡುತ್ತಿದ್ದೆನೇನೋ, ಅದಕ್ಕೇ ಮೊದಲೇ ಬರೆದುಬಿಡುತ್ತೇನೆ. ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ನಿಂತು ನಾನು "ಅವರಿಗೆ ಬೇಡವಂತೆ ಮಾರಾಯ್ತಿ" ಎಂದದ್ದು ನಿನಗೆ ನೆನಪಿರಬೇಕು. ಅದು ಅರ್ಧ ನಿಜ. ಅವರು ಬೇಡವೆಂದದ್ದು ನಾನು ತಿದ್ದಿದ ಲೇಖನವನ್ನು. ನಿನ್ನದನ್ನು ಅವರು ಕೇಳಿದ್ದರು.

ನಿನಗೆ ಲೈಸೆನ್ಸ್ ಸಿಕ್ಕಿದ ವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಅರಬರ ಊರಿನ ನಮ್ಮ ಬಡಾವಣೆ ಅಜೀಜಿಯಾದಿಂದ ಸಮುದ್ರದ ಕಡೆಗೆ ಹೊರಟದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಬೆನ್ನಿಗೆ ಸೋಫಾದ ದಿಂಬು ಇಟ್ಟುಕೊಂಡಿದ್ದೆ. ಬಿಸ್ಮಿಲ್ಲಾ ಹೇಳಿ, ಎರಡು ಸಲ ಹಿಂದೆ ಮುಂದೆ ಮಾಡಿ ಗಾಡಿ ಹೊರಗೆ ತೆಗೆದೆ. ಆಮೇಲೆ ಹಾಡು ಹಾಕಿದೆ. ನಾನು ಹಳೆಯ ಹಿಂದಿ ಹಾಡು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬರ್ಮಿಂಗ್‌ಹ್ಯಾಮಿನ ಯಾವನೋ ಹುಡುಗನ ರ‍್ಯಾಪ್.

"ಇದು ಎಂತದು ನಸೀಮಾ? ಇಕಾಮಾ ಕಾರ್ಡು ಕಳೆದುಕೊಂಡವ ವೀಸಾ ಆಫೀಸಿನ ಕೌಂಟರಿನಲ್ಲಿ ಜಗಳ ಮಾಡುವ ಹಾಗೆ ಉಂಟು."

"ಜಗಳ ಅಲ್ಲ. ಅವ ಅವನ ಬೀದಿಯ ಬಗ್ಗೆ ಹೇಳುವುದು. ನೀನು ಸಿಗ್ನಲ್ ನೋಡು, ನಾನು ಹಾಡು ನೋಡ್ತೇನೆ."

"ಗಾಡಿ ಬಿಡುವುದು ನೀನಲ್ವಾ?"

"ಅದಕ್ಕೇ ಹೇಳಿದ್ದು ಟೀಚರಮ್ಮ."

ಆವತ್ತು ಸಮುದ್ರದ ದಂಡೆಯಲ್ಲಿ ಕೂತು ನೀನು ನಿನ್ನ ಬರ್ಮಿಂಗ್‌ಹ್ಯಾಮಿನ ಹನ್ನೊಂದು ವರ್ಷಗಳ ಕಥೆ ಹೇಳಿದೆ. ಭಟ್ಕಳದ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಓದಿ, ಮದುವೆಯಾಗಿ, ಇಂಗ್ಲಿಷಿನಲ್ಲಿ ಹೆಸರು ಬರೆಯುವುದಕ್ಕಿಂತ ಹೆಚ್ಚು ಗೊತ್ತಿಲ್ಲದೆ ವಿಮಾನ ಹತ್ತಿದವಳು. ಅಲ್ಲಿ ಒಂದು ಸರಕಾರಿ ಶಾಲೆಯ ಊಟದ ಕೋಣೆಯಲ್ಲಿ ನಿನಗೆ ಬಡಿಸುವ ಕೆಲಸ ಸಿಕ್ಕಿತು. ತಟ್ಟೆ ಹಿಡಿದು ಸಾಲಿನಲ್ಲಿ ಬರುವ ಮಕ್ಕಳ ಬಾಯಿಂದ ನೀನು ಭಾಷೆ ಕಲಿತೆ. ಯಮನಿ ಮಕ್ಕಳು, ಜಮೈಕಾ ಮೂಲದ ಮಕ್ಕಳು, ಪಾಕಿಸ್ತಾನಿ ಮಕ್ಕಳು, ಬಿಳಿಯರ ಮಕ್ಕಳು, ಎಲ್ಲರೂ ಒಂದೇ ತರಹ ಮಾತಾಡುತ್ತಿದ್ದರು ಎಂದೆ. ರ‍್ಯಾಪ್ ಹಾಡುವ ಹುಡುಗರ ಮಾತೂ ಅದೇ. ನಿನಗೆ ಅದು ಹೊಸ ಸಂಗೀತವಾಗಿರಲೇ ಇಲ್ಲ; ಸಾಲಿನಲ್ಲಿ ನಿಂತ ಮಕ್ಕಳು ದೊಡ್ಡವರಾಗಿದ್ದರು, ಅಷ್ಟೇ. ನಾನೋ, ಕಾಪುವಿನಿಂದ ದಿನಾ ಬಸ್ಸಿನಲ್ಲಿ ಉಡುಪಿಯ ಕಾನ್ವೆಂಟಿಗೆ ಹೋಗಿ, ಬಾಯಿ ಎಷ್ಟು ತೆರೆಯಬೇಕು ಎನ್ನುವುದನ್ನೂ ಕಲಿತು ಬಂದವಳು. ನಿನ್ನ ಇಂಗ್ಲಿಷನ್ನು ಮೊದಲ ಸಲ ಕೇಳಿದಾಗ ನಾನು ಕೇಳಿದ್ದು ನೀನು ಹೇಳಿದ್ದನ್ನೋ, ಅಥವಾ...

ಲತೀಫಾ ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತ ಗುರುವಾರ ನೆನಪಾಗುತ್ತಿದೆ. ಐದನೇ ಮಹಡಿಗೆ ಹೊಸದಾಗಿ ಬಂದಿದ್ದಳು. ಫಿಲಡೆಲ್ಫಿಯಾದ ಕಪ್ಪು ಜನರ ಕುಟುಂಬ, ಅವಳ ಅಜ್ಜನ ಕಾಲದಿಂದ ಮುಸ್ಲಿಮರು. ಇಲ್ಲಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಾಳೆ. ತರಕಾರಿ ಮಾರ್ಕೆಟ್ಟಿಗೆ ಮೂವರೂ ಹೊರಟೆವು, ನೀನು ನಿನ್ನ ಬರ್ಮಿಂಗ್‌ಹ್ಯಾಮಿನ ಹುಡುಗನನ್ನು ಹಾಡಲು ಬಿಟ್ಟೆ. ನಾಲ್ಕು ಸಾಲು ಮುಗಿಯುವ ಮೊದಲೇ ಹಿಂದಿನಿಂದ ನಗು.

"ಕ್ಷಮಿಸು, ಕ್ಷಮಿಸು," ಎಂದಳು ಅವಳ ಇಂಗ್ಲಿಷಿನಲ್ಲಿ. "ಇವನು ಬೆದರಿಸ್ತಾ ಇದ್ದಾನೆ ಅಂತ ಗೊತ್ತಾಗುತ್ತೆ. ಆದರೆ ಒಂದು ಕೈಯಲ್ಲಿ ಚಹಾದ ಕಪ್ಪು ಹಿಡ್ಕೊಂಡು ಬೆದರಿಸಿದ ಹಾಗೆ ಕೇಳಿಸ್ತದೆ."

ನಾನಾಗಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆ. ನೀನು ಕನ್ನಡಿಯಲ್ಲಿ ಅವಳನ್ನು ನೋಡಿ, "ಎಲ್ಲಿ ಚಹಾ ಕಾಣಿಸ್ತು? ಯಾವ ಮಾತಿನಲ್ಲಿ? ಮತ್ತೆ ಹಾಕ್ತೇನೆ, ಕೈ ಎತ್ತು" ಎಂದೆ. ನಿನಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಅದು ನಿನಗೆ ಯಾರು ಕಲಿಸಿದ್ದು? ಮಾರ್ಕೆಟ್ಟಿನ ಎದುರು ಗಾಡಿ ನಿಲ್ಲಿಸಿಕೊಂಡು ಒಂದೇ ಹಾಡನ್ನು ಮೂರು ಸಲ ಕೇಳಿದೆವು. ಪಕ್ಕದಲ್ಲಿ ಕಲ್ಲಂಗಡಿ ಇಳಿಸುತ್ತಿದ್ದವನು ನಮ್ಮನ್ನೇ ನೋಡುತ್ತಿದ್ದ.

ಮುಂದಿನ ಗುರುವಾರ ನೀನು ಒಂದು ಆಟ ಹೂಡಿದೆ. ಐದು ಜನ ಬ್ರಿಟಿಷ್ ಹುಡುಗರ ದನಿಗಳನ್ನು ಒಂದೊಂದೇ ನಿಮಿಷ ಕೇಳಿಸಿ, ಇವನ ಮನೆ ಹೇಗಿರಬಹುದು ಹೇಳು ಎಂದೆ. ಲತೀಫಾ ಗಂಭೀರವಾಗಿ ಯೋಚಿಸಿ ಹೇಳಿದಳು. ಮೊದಲನೆಯವನ ಮನೆಯಲ್ಲಿ ಪುಸ್ತಕದ ಕೋಣೆ ಇದೆ. ಎರಡನೆಯವನ ಅಪ್ಪ ವಕೀಲ. ಮೂರನೆಯವನಿಗೆ ಕುದುರೆ ಓಡಿಸಲು ಬರುತ್ತದೆ. ನೀನು ನಗು ತಡೆಯಲಾರದೆ ಗಾಡಿಯನ್ನು ಬದಿಗೆ ಹಾಕಿದೆ.

"ಆ ಮೂರನೆಯವನ ಮನೆ ಹದಿನಾಲ್ಕನೇ ಮಹಡಿಯಲ್ಲಿ ಉಂಟು ಲತೀಫಾ. ಲಿಫ್ಟ್ ಕೆಟ್ಟು ಹೋಗಿದೆ. ಅವ ಅದನ್ನೇ ಹಾಡ್ತಾ ಇರುವುದು."

"ನಿಜವಾಗಿ? ನಮಗೆ ಸಿನಿಮಾದಲ್ಲಿ ಈ ದನಿ ಬಂದರೆ ಅದು ರಾಜ, ಇಲ್ಲದಿದ್ದರೆ ರಾಜನ ಬಟ್ಲರ್. ಮೂರನೆಯವರನ್ನು ನಾವು ನೋಡೇ ಇಲ್ಲ."

ನೀನು ನನ್ನ ಕಡೆ ತಿರುಗಿದೆ. "ಟೀಚರಮ್ಮ, ನೀನು ಹೇಳು." ನಾನು ನಾಲ್ಕನೆಯವನು ಚೆನ್ನಾಗಿ ಓದಿದವನು, ಐದನೆಯವನು ಓದದವನು ಎಂದೆ. ಎರಡೂ ಉಲ್ಟಾ. ಅದನ್ನೂ ನೀನು ನಿನ್ನ ಹಳೆಯ ಡೈರಿಯಲ್ಲಿ ಬರೆದುಕೊಂಡೆ. ಅಮೆರಿಕದವಳ ಕಿವಿ ಮಾತ್ರವಲ್ಲ, ಕಾಪುವಿನವಳ ಕಿವಿಯೂ ನಿನಗೆ ಪರೀಕ್ಷೆಗೆ ಬೇಕಿತ್ತು. ನಾನು ಆವತ್ತು ಅದನ್ನು ತಮಾಷೆ ಎಂದೇ ತೆಗೆದುಕೊಂಡೆ.

ತಾಳದ ವಿಷಯ ಬಂದದ್ದು ಇನ್ನೊಂದು ದಿನ, ಪೆಟ್ರೋಲ್ ಹಾಕಿಸುವ ಸಾಲಿನಲ್ಲಿ. ಲತೀಫಾ ಮುಂದಿನ ಸೀಟಿನ ಬೆನ್ನಿಗೆ ಬಡಿದು ತೋರಿಸಿದಳು. ಅವಳ ಊರಿನವರು ತಾಳಕ್ಕೆ ಒರಗಿಕೊಂಡು ಕೂರುತ್ತಾರಂತೆ. ಡ್ರಮ್ಮು ಬಿದ್ದ ಮೇಲೆ, ಅವಸರವಿಲ್ಲದೆ, ಮಾತು ಬೀಳುತ್ತದೆ. "ನಿನ್ನ ಹುಡುಗರು ಡ್ರಮ್ಮಿಗಿಂತ ಮುಂದೆ ಓಡ್ತಾರೆ. ಬಸ್ಸು ತಪ್ಪುತ್ತೆ ಅನ್ನೋ ಹಾಗೆ."

"ಅಲ್ಲಿ ಬಸ್ಸು ನಿಜವಾಗಿ ತಪ್ಪುತ್ತದೆ," ಎಂದೆ ನೀನು.

ಆಮೇಲೆ ಅವಳು ನಗದೆ ಹೇಳಿದ ಮಾತೂ ನೆನಪಿದೆ. ಈ ಕಲೆ ಹುಟ್ಟಿದ್ದು ನಮ್ಮ ಬೀದಿಗಳಲ್ಲಿ. ನಮ್ಮ ಸಂಗೀತವನ್ನು ಎತ್ತಿಕೊಂಡು ಹೋದವರು ಬಹಳ ಜನ, ನಮ್ಮ ಹೆಸರು ಹೇಳಿದವರು ಕಡಿಮೆ. ಹಾಗಾಗಿ ಬೇರೆಯವರ ಬಾಯಲ್ಲಿ ಅದು ಕೇಳಿಸಿದಾಗ ಮೊದಲು ಬರುವುದು ಅನುಮಾನ, ಆಮೇಲೆ ನಗು, ಕಿವಿ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ನೀನು ಒಪ್ಪಿಕೊಂಡೆ. ಗಾಡಿಯನ್ನು ಸಾಲಿನಲ್ಲಿ ಮುಂದಕ್ಕೆ ಬಿಟ್ಟು, "ಆದ್ರೆ ಈ ಹುಡುಗರ ಅಜ್ಜಿಯಂದಿರು ಜಮೈಕಾದಿಂದ ಹಡಗಿನಲ್ಲಿ ಬಂದವರು. ದೊಡ್ಡ ದೊಡ್ಡ ಸ್ಪೀಕರು ಬೀದಿಗೆ ತಂದು ಮೈಕಿನಲ್ಲಿ ಮಾತಾಡುವುದು ಅವರ ಮನೆಯಲ್ಲೂ ಇತ್ತು. ನಿಮ್ಮಿಂದ ಕಲಿತದ್ದು ಉಂಟು, ಅಜ್ಜಿಯಿಂದ ಬಂದದ್ದೂ ಉಂಟು. ನಿನಗೆ ಅಜ್ಜಿ ಕೇಳಿಸುವುದಿಲ್ವಾ?" ಎಂದೆ. ಪೆಟ್ರೋಲ್ ಹಾಕುವ ಬಂಗಾಳಿ ಹುಡುಗ ಕಿಟಕಿ ತಟ್ಟಿದ. ಮನೆ ಮುಟ್ಟಿ ಇಳಿಯುವಾಗ ಲತೀಫಾ, "ಆ ಅಜ್ಜಿಯ ಹಾಡು ಒಂದು ಕಳಿಸು" ಎಂದಳು.

ಮಧ್ಯಾಹ್ನ ನನ್ನ ಶಾಲೆ ಬಿಡುವ ಹೊತ್ತಿಗೆ ನೀನು ಗೇಟಿನ ಹೊರಗೆ ಕಾಯುತ್ತಿದ್ದೆಯಲ್ಲ, ಆಗ ಫೋನಿನಲ್ಲಿ ಅಮೆರಿಕದ ವಿಮರ್ಶಕರನ್ನು ಓದುತ್ತಿದ್ದೆ. ನಾನು ಬಾಗಿಲು ತೆಗೆದು ಕೂರುವುದೇ ತಡ, ಹಳೆಯ ಡೈರಿ ತೆರೆದು ಶುರು. "ನೋಡು, ಇವನೂ ಮೊದಲ ಪ್ಯಾರಾದಲ್ಲಿ ಉಚ್ಚಾರದ ವಿಷಯವೇ ಬರ್ದಿದ್ದಾನೆ. ಹುಡುಗ ಎಂತ ಹೇಳಿದ ಅನ್ನುವುದು ಬರುವಾಗ ನಾಲ್ಕನೇ ಪ್ಯಾರಾ ಆಯ್ತು." ಇನ್ನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಹೊಗಳುತ್ತಾನೆ, ಆದರೆ ಪ್ರತಿ ಹೊಗಳಿಕೆಗೂ ಒಬ್ಬ ಅಮೆರಿಕನ್ ಹಾಡುಗಾರನ ಹೆಸರನ್ನು ಅಳತೆಗೋಲಿನ ಹಾಗೆ ಪಕ್ಕದಲ್ಲಿ ಇಡುತ್ತಾನೆ. ಮತ್ತೊಬ್ಬನ ಪ್ರಶ್ನೆ, ಇವನು ಅಮೆರಿಕವನ್ನು ಯಾವಾಗ ಗೆಲ್ಲುತ್ತಾನೆ? "ಗೆಲ್ಲದಿದ್ರೆ ಎಂತ, ಫೇಲಾ?" ಎಂದು ನೀನು ಕೇಳಿದೆ. ಲತೀಫಾಳ ಹತ್ತಿರ ಇದನ್ನೆಲ್ಲ ಓದಿದಾಗ ಅವಳು ನಿನಗೆ ಒಂದು ತಿದ್ದುಪಡಿ ಕೊಟ್ಟಳು. ಅವರ ದೇಶದ ದಕ್ಷಿಣದ ರ‍್ಯಾಪಿನವರನ್ನೂ ನ್ಯೂಯಾರ್ಕಿನವರು ಹೀಗೆಯೇ ಗೇಲಿ ಮಾಡಿದ್ದರಂತೆ, ಬಾಯಿ ಎಳೆದು ಮಾತಾಡುತ್ತಾರೆ ಎಂದು. ಎಷ್ಟೋ ವರ್ಷಗಳ ನಂತರ ಇಡೀ ದೇಶ ಆ ಎಳೆತವನ್ನೇ ಕಲಿಯಿತಂತೆ. ನಿನಗೆ ಎಷ್ಟು ಸಂತೋಷವಾಯಿತೆಂದರೆ, ಹಸಿರು ಸಿಗ್ನಲ್ ಬಿದ್ದರೂ ಬರೆಯುತ್ತ ಕೂತೆ. ಹಿಂದಿನಿಂದ ಹಾರ್ನು. "ಯಲ್ಲಾ, ಹೋಗ್ತೇನೆ, ಹೋಗ್ತೇನೆ."

ಇನ್ನೊಂದು ಸಂಗತಿ ನೀನು ಕಂಡುಹಿಡಿದ ದಿನ ನನ್ನ ಮನೆಯ ಬೆಲ್ಲು ಬಿಡದೆ ಒತ್ತಿದ್ದೆ. ಷಿಕಾಗೋದ ಬೀದಿಗಳಲ್ಲಿ ಹುಟ್ಟಿದ ಒಂದು ಬಗೆಯ ರ‍್ಯಾಪ್ ಲಂಡನ್ನಿಗೆ ಬಂತು, ಅಲ್ಲಿನ ಹುಡುಗರು ಅದಕ್ಕೆ ಬೇರೆ ಡ್ರಮ್ಮು, ಜಾರುವ ಬೇಸಿನ ತಗ್ಗು ದನಿ ಹಾಕಿದರು, ಆಮೇಲೆ ನ್ಯೂಯಾರ್ಕಿನ ಹುಡುಗರು ಆ ಲಂಡನ್ನಿನ ಸಂಗೀತವನ್ನೇ ತರಿಸಿಕೊಂಡು ಅದರ ಮೇಲೆ ತಮ್ಮ ಮಾತು ಹಾಡಿದರು. ಅದನ್ನು ಕೇಳಿ ಅಮೆರಿಕದಲ್ಲಿ ಯಾರೂ ನಗಲಿಲ್ಲ. "ಅಂದ್ರೆ ತೊಂದರೆ ಸಂಗೀತದ್ದಲ್ಲ ರುಕಿಯಾ. ಬಾಯಿಯದ್ದು. ಅದೇ ಡ್ರಮ್ಮು, ಬಾಯಿ ಅವರದ್ದಾದ್ರೆ ಸರಿ." ನೀನು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು ವಿಷಯ ಗಂಭೀರವಾದಾಗ ಮಾತ್ರ. "ಇದನ್ನು ಬರೀಬೇಕು. ಅಮೆರಿಕದವರೇ ಓದುವ ಕಡೆ ಬರೀಬೇಕು."

ರಂಜಾನಿನ ಮೊದಲ ವಾರ ನೀನು ನಾಲ್ಕು ಪುಟ ಪ್ರಿಂಟ್ ಮಾಡಿಸಿಕೊಂಡು ಬಂದೆ. ಫೋನಿನಲ್ಲಿ ಟೈಪ್ ಮಾಡಿದ್ದು. ಅಮೆರಿಕದ ಒಂದು ಸಂಗೀತ ಪತ್ರಿಕೆಗೆ ಕಳಿಸುವುದೆಂದು ಲತೀಫಾಳೂ ನೀನೂ ಆಗಲೇ ತೀರ್ಮಾನಿಸಿದ್ದಿರಿ. "ಒಂದು ಸಲ ನೋಡಿ ಕೊಡು ಟೀಚರಮ್ಮ. ನನ್ನ ಇಂಗ್ಲಿಷ್ ತಟ್ಟೆಗೆ ಬಡಿಸುವ ಇಂಗ್ಲಿಷ್." ನಾನು ಕೆಂಪು ಪೆನ್ನು ತೆಗೆದುಕೊಂಡೆ. ನಮ್ಮ ಕಾನ್ವೆಂಟಿನಲ್ಲಿ ಪ್ರಬಂಧದಲ್ಲಿ 'ನಾನು' ಬಂದರೆ ಟೀಚರ್ ಸುತ್ತು ಹಾಕುತ್ತಿದ್ದರು. ನಿನ್ನ ವಿಷಯ ಯಾರಿಗೂ ಬೇಡ, ವಿಷಯದ ವಿಷಯ ಬರಿ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ನಾನೂ ನನ್ನ ಮಕ್ಕಳಿಗೆ ಅದನ್ನೇ ಹೇಳುತ್ತಿದ್ದೇನೆ. ನಿನ್ನ ಪುಟಗಳಲ್ಲಿ ಎಲ್ಲೆಲ್ಲೂ ನೀನಿದ್ದೆ. ಒಂದೊಂದೇ ಸುತ್ತು ಹಾಕುತ್ತ ಹೋದೆ.

ಅದರಲ್ಲಿ ಒಂದು ಕಡೆ ನೀನು ಹೀಗೆ ಬರೆದಿದ್ದೆ: ಊಟದ ಸಾಲಿನಲ್ಲಿ ತಟ್ಟೆ ಬರುವ ಮೊದಲೇ ಮಗುವಿನ ಮಾತು ಬರುತ್ತಿತ್ತು, ಯಾಕೆಂದರೆ ನಿಂತರೆ ಹಿಂದಿನವನು ದೂಡುತ್ತಾನೆ; ಹಾಗಾಗಿ ಹಾಡಿನಲ್ಲಿ ಡ್ರಮ್ಮಿಗಿಂತ ಮೊದಲು ಮಾತು ಬಂದರೆ ನನಗೆ ತಪ್ಪು ಅನಿಸುವುದಿಲ್ಲ, ಸಾಲು ಮುಂದೆ ಹೋಗುತ್ತಿದೆ ಅನಿಸುತ್ತದೆ. ನಾನು ಅದನ್ನು ಹೊಡೆದು ಹಾಕಿ, ಬ್ರಿಟಿಷ್ ರ‍್ಯಾಪಿನ ಲಯವು ನಗರಜೀವನದ ವೇಗವನ್ನು ಪ್ರತಿಬಿಂಬಿಸುತ್ತದೆ ಎಂದು ಬರೆದೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ನನ್ನದರಲ್ಲಿ ಒಂದೂ ತಪ್ಪಿಲ್ಲ. ಒಂದು ತಟ್ಟೆಯೂ ಇಲ್ಲ.

ನಾನು ತಿದ್ದಿದ್ದನ್ನು ನಿನ್ನ ಕೈಗೆ ಕೊಟ್ಟ ಸಂಜೆ, ಇಫ್ತಾರಿನ ಪಾತ್ರೆ ತೊಳೆದ ಮೇಲೆ, ನೀನು ನಮ್ಮ ಅಡುಗೆಮನೆಯಲ್ಲೇ ನಿಂತು ಓದಿದೆ. ಎರಡು ಸಲ ಓದಿದೆ. "ಚಂದ ಆಗಿದೆ," ಎಂದೆ. ಪುಟಗಳನ್ನು ಕೆಳಗಿಟ್ಟು, "ದೊಡ್ಡ ಮನುಷ್ಯರು ಬರೆದ ಹಾಗೆ ಆಗಿದೆ." ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ನೀನು ಹೊಗಳಿದ್ದೋ, ಅಥವಾ ನಿನ್ನ ಊಟದ ಸಾಲಿನ ಮಕ್ಕಳು ತಟ್ಟೆ ಹಿಡಿದು ಲೇಖನದಿಂದ ಹೊರಗೆ ಹೋದದ್ದು ಕಂಡು... ಕೇಳಬೇಕಿತ್ತು. "ಇಂಗ್ಲಿಷ್ ಸರಿ ಇರುವವಳು ನೀನು, ನಿನ್ನ ಈಮೇಲಿನಿಂದಲೇ ಕಳಿಸು" ಎಂದೆ ನೀನು. ಕೆಂಪು ಗುರುತಿನ ಪುಟಗಳನ್ನು ನನ್ನ ಹತ್ತಿರವೇ ಬಿಟ್ಟುಹೋದೆ. ನಾನು ನಿನ್ನ ಹೆಸರು ಹಾಕಿ ಕಳಿಸಿದೆ.

ಉತ್ತರ ಬಂದದ್ದು ಈದ್ ಕಳೆದ ಮೇಲೆ, ನಾನು ಸ್ಟಾಫ್ ರೂಮಿನಲ್ಲಿದ್ದಾಗ. ಸಂಪಾದಕಿ ಸೌಜನ್ಯದಿಂದ ಬರೆದಿದ್ದರು. ವಿಷಯ ಗಟ್ಟಿಯಾಗಿದೆ, ಆದರೆ ಬರೆದವರು ಯಾರೆಂದು ಕೇಳಿಸುತ್ತಿಲ್ಲ, ಹೀಗೆ ಪ್ರಕಟಿಸಲಾಗದು. ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಮೂರನೇ ಪುಟದ ಕೊನೆಯಲ್ಲಿ ಒಂದು ವಾಕ್ಯ ಇದೆ ಎಂದು ಅದನ್ನು ಎತ್ತಿ ಬರೆದಿದ್ದರು: 'ಅಮೆರಿಕದವರಿಗೆ ಅರಮನೆಯಿಂದ ಬಂದವನ ಹಾಗೆ ಕೇಳಿಸುವ ಈ ಹುಡುಗನಿಗೆ ನಾನು ಎರಡನೇ ಸಲ ಆಲೂಗಡ್ಡೆ ಬಡಿಸಿದ್ದೇನೆ.' ಇದನ್ನು ಬರೆದ ಹೆಂಗಸು ಉಳಿದ ಪುಟಗಳಲ್ಲಿ ಎಲ್ಲಿಗೆ ಹೋದಳು? ಅವಳೇ ಇಡೀ ಲೇಖನ ಬರೆದುಕೊಟ್ಟರೆ ನಾವು ಸಂತೋಷದಿಂದ ಮತ್ತೆ ಓದುತ್ತೇವೆ.

ಆ ವಾಕ್ಯ ನನ್ನ ಪೆನ್ನಿನಿಂದ ಉಳಿದದ್ದು ಹೇಗೆಂದು ಪುಟ ತೆಗೆದು ನೋಡಿದೆ. ಅದರ ಪಕ್ಕ ಒಂದು ಪ್ರಶ್ನೆಚಿಹ್ನೆ ಹಾಕಿದ್ದೆ. ತೆಗೆಯಬೇಕೋ ಬೇಡವೋ, ಆಮೇಲೆ ನೋಡೋಣ ಎಂದುಕೊಂಡು ಮರೆತಿದ್ದೆ. ಅಮೆರಿಕದವರಿಗೆ ಕೇಳಿಸುವುದಿಲ್ಲ ಎಂದು ನಾವು ಇಡೀ ವರ್ಷ ಕಾರಿನಲ್ಲಿ ಮಾತಾಡಿದೆವು. ಅಲ್ಲಿ ದೂರದಲ್ಲಿ ಕೂತ ಒಬ್ಬ ಅಮೆರಿಕದವಳಿಗೆ ಒಂದೇ ವಾಕ್ಯದಲ್ಲಿ ನೀನು ಕೇಳಿಸಿದೆ. ಕೇಳಿಸದೇ ಹೋದದ್ದು ನಿನ್ನ ಕೆಳಗಿನ ಮಹಡಿಯಲ್ಲಿ ಇದ್ದವಳಿಗೆ.

ಆವತ್ತು ಸಂಜೆ ಮೆಟ್ಟಿಲಲ್ಲಿ ನೀನು ಸಿಕ್ಕಿದೆ. ಕೈಯಲ್ಲಿ ಮೊಸರಿನ ಡಬ್ಬಿ ಇತ್ತು. "ಉತ್ತರ ಬಂತಾ?" ಎಂದೆ. ನಾನು, "ಅವರಿಗೆ ಬೇಡವಂತೆ ಮಾರಾಯ್ತಿ" ಎಂದೆ. "ಯಾಕಂತೆ?" "ಎಂತ ಹೇಳಿಲ್ಲ." ನೀನು ನಕ್ಕೆ. "ಹೋಗ್ಲಿ ಬಿಡು. ನನಗೆ ಮಾತಾಡ್ಲಿಕ್ಕೆ ಬರ್ತದೆ, ಬರೀಲಿಕ್ಕೆ ಬರುವುದಿಲ್ಲ. ಮೊಸರು ಬೇಕಾ?" ನಾನು ಬೇಡ ಎಂದೆ. ಮಾರನೆಯ ದಿನ ಹೇಳೋಣ, ನಾನೂ ನೀನೂ ಕೂತು ಮತ್ತೆ ಬರೆಯೋಣ ಎಂದುಕೊಂಡೆ. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಹಾಳು ಮಾಡಿದ್ದು ಎಂದು ಹೇಗೆ ಹೇಳುವುದು? ಮಾರನೆಯ ದಿನ ಹೇಳಲಿಲ್ಲ.

ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದದ್ದು ಒಂದು: ಆಗ ನಿನಗೆ ಕಾಯಿಲೆ ಇತ್ತು, ಅಂಥ ಹೊತ್ತಿನಲ್ಲಿ ಇದನ್ನೆಲ್ಲ ಎತ್ತುವುದು ಬೇಡವೆನಿಸಿತು ಎಂದು. ಮೊನ್ನೆ ಕೂತು ಈಮೇಲಿನ ತಾರೀಕು ನೋಡಿದೆ. ಆ ಉತ್ತರಕ್ಕೂ, ನೀನು ಆಸ್ಪತ್ರೆಯ ರಿಪೋರ್ಟ್ ಹಿಡಿದು ನನ್ನ ಬಾಗಿಲಿಗೆ ಬಂದದ್ದಕ್ಕೂ ನಡುವೆ ಮೂರು ವಾರ ಇದೆ. ಮೂರು ವಾರದಲ್ಲಿ ನೀನು ಆ ಲೇಖನವನ್ನು ಹತ್ತು ಸಲ ಬರೆಯುತ್ತಿದ್ದೆ. ಕಾಯಿಲೆ ನನಗೆ ನೆಪವಾಗಿ ಒದಗಿದ್ದು ಆಮೇಲೆ.

ಚಿಕಿತ್ಸೆಗೆಂದು ನೀನು ಊರಿಗೆ ಹೋದೆ. ಶಾಲೆಯ ರಜೆಯಲ್ಲಿ ನಾನು ಭಟ್ಕಳಕ್ಕೆ ಬಂದಾಗ ನೀನು ತೀರಿಕೊಂಡು ಒಂಬತ್ತು ದಿನವಾಗಿತ್ತು. ನಿನ್ನ ಗಂಡ ಇಸ್ಮಾಯಿಲ್ ಭಾಯ್ ಒಳಗೆ ಗಂಡಸರ ಜೊತೆ ಕೂತಿದ್ದರು. ನಿನ್ನ ಮಗಳು ಆಮ್ನಾ ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದಳು, ಕಾಲೇಜಿನ ಪರೀಕ್ಷೆ ಅರ್ಧಕ್ಕೆ ಬಿಟ್ಟು. ನಿನ್ನ ಕಪಾಟಿನಿಂದ ಬಟ್ಟೆ ತೆಗೆದು ಮಡಚುತ್ತಿದ್ದಳು. ಆ ಹಳೆಯ ಡೈರಿ ಅವಳ ಕೈಗೆ ಸಿಕ್ಕಿತ್ತು, ಕನ್ನಡ ಅಕ್ಷರ ಬಾರದ್ದರಿಂದ ನನ್ನ ಮುಂದೆ ಹಿಡಿದಳು. ನಾನು ಒಂದೆರಡು ಪುಟ ಓದಿ ಅರ್ಥ ಹೇಳಿದೆ. ಕೇಳಿ ನಕ್ಕಳು, ಅತ್ತಳು. ಆಮೇಲೆ ನಿನ್ನದೇ ಬರ್ಮಿಂಗ್‌ಹ್ಯಾಮ್ ಇಂಗ್ಲಿಷಿನಲ್ಲಿ, "ಅಮ್ಮಿ ಎಷ್ಟು ಚೆನ್ನಾಗಿ ಮಾತಾಡ್ತಿದ್ರು ಅಲ್ವಾ ಆಂಟಿ? ಬರೆಯೋಕೆ ಮಾತ್ರ ಬರ್ತಿರಲಿಲ್ಲ. ಅವರೇ ಹೇಳಿದ್ರು, ಒಂದು ಸಲ ಟ್ರೈ ಮಾಡಿದೆ, ಆಗಲಿಲ್ಲ ಅಂತ" ಎಂದಳು.

ಆಗ ನಾನು ಬಾಯಿ ತೆರೆಯಬೇಕಿತ್ತು. ನಾನು ಅವಳ ಜೊತೆ ನಿನ್ನ ದುಪ್ಪಟ್ಟಾ ಮಡಚಿದೆ. ಒಬ್ಬಳು ಮಗಳು ತನ್ನ ತಾಯಿಯ ಬಗ್ಗೆ ಒಂದು ತಪ್ಪು ಮಾತನ್ನು ಜೀವನಪೂರ್ತಿ ನಂಬಿಕೊಂಡು ಹೋಗುತ್ತಾಳೆ, ಅದು ತಪ್ಪೆಂದು ಗೊತ್ತಿದ್ದವಳು ಆಗ ಭೂಮಿಯ ಮೇಲೆ ನಾನೊಬ್ಬಳೇ. ನಿನಗೆ ಹೇಳುವ ಕಾಲ ಮುಗಿದಿದೆ. ಅವಳಿಗೆ ಹೇಳುವುದು ಇನ್ನೂ ಬಾಕಿ ಇದೆ ಎನ್ನುವುದೇ ನನ್ನನ್ನು ಈ ಮೇಜಿನ ಮುಂದೆ ಕೂರಿಸಿದೆ.

ಹೋದ ಗುರುವಾರ ಲತೀಫಾಳನ್ನು ಕರೆದು ನಿನ್ನ ನಾಲ್ಕು ಪುಟ ಕೊಟ್ಟೆ. ಕೆಂಪು ಗೆರೆಗಳ ಅಡಿಯಲ್ಲಿರುವುದನ್ನು ಓದು, ಮೇಲಿರುವುದನ್ನು ಬಿಡು ಎಂದೆ. ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗಟ್ಟಿಯಾಗಿ ಓದತೊಡಗಿದಳು. ಮೊದಲ ಪ್ಯಾರಾದಲ್ಲೇ ನಿಂತಳು. "ಈ ಮಾತು ನನ್ನ ಬಾಯಲ್ಲಿ ಬೇರೆ ಹೆಂಗಸಾಗ್ತಿದೆ," ಎಂದಳು. ಅವಳ ಓದು ಒರಗಿ ಕೂರುತ್ತದೆ, ನಿನ್ನ ವಾಕ್ಯ ಕಾಯುವುದಿಲ್ಲ. ಮತ್ತೆ ಓದಿದಳು, ಮತ್ತೆ ಹಿಂದೆ ಬಿದ್ದಳು. ಮೂರನೆಯ ಸಲ ನಿನ್ನ ದನಿಯನ್ನು ಅನುಕರಿಸಲು ಹೋಗಿ ಇಬ್ಬರಿಗೂ ನಗು ಬಂತು, ಯಾಕೆಂದರೆ ಫಿಲಡೆಲ್ಫಿಯಾದವಳ ಬಾಯಲ್ಲಿ ನಿನ್ನ ಊಟದ ಸಾಲು ರಾಣಿಯ ಔತಣದ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಮೌನವಾಗಿ ಓದಿ ಮುಗಿಸಿದಳು. ಆಲೂಗಡ್ಡೆಯ ವಾಕ್ಯದ ಮೇಲೆ ಬೆರಳಿಟ್ಟು ಅದನ್ನು ಮತ್ತೊಮ್ಮೆ ಓದಿದಳು.

ನಿನಗೆ ಒಂದು ಸುದ್ದಿ ಹೇಳುವುದಿದೆ. ಲತೀಫಾ ಈಗ ಪಾತ್ರೆ ತೊಳೆಯುವಾಗ ನಿನ್ನ ಬರ್ಮಿಂಗ್‌ಹ್ಯಾಮಿನ ಹುಡುಗನನ್ನು ಹಾಕಿಕೊಳ್ಳುತ್ತಾಳೆ. "ಮೊದಲ ಹತ್ತು ಸೆಕೆಂಡು ಈಗಲೂ ಚಹಾ ಕಾಣಿಸ್ತದೆ. ಆಮೇಲೆ ಕಾಣಿಸುವುದಿಲ್ಲ," ಎನ್ನುತ್ತಾಳೆ. ಆ ಹತ್ತು ಸೆಕೆಂಡು ಎಲ್ಲರಿಗೂ ಇರುತ್ತದೇನೋ. ಅದನ್ನು ದಾಟುವಷ್ಟು ಹೊತ್ತು ಕಿವಿ ಕೊಟ್ಟು ಕೂರುತ್ತೇವೋ ಇಲ್ಲವೋ, ಅಷ್ಟೇ ಇರಬೇಕು. ನಾನು ಪೆನ್ನು ಹಿಡಿದು ಕೂತದ್ದು ಆ ಹತ್ತು ಸೆಕೆಂಡಿನಲ್ಲೇ ಇರಬಹುದೇ? ಶಾಲೆಯಲ್ಲಿ ಈಗ ಮಕ್ಕಳ ಪ್ರಬಂಧ ತಿದ್ದುವಾಗ 'ನಾನು' ಬಂದರೆ ಪೆನ್ನು ಕೆಳಗಿಡುತ್ತೇನೆ. ಪೂರ್ತಿ ಓದಿ ಆಮೇಲೆ ಎತ್ತುತ್ತೇನೆ. ಕೆಲವು ಸಲ ಎತ್ತುವುದಿಲ್ಲ. ಮಕ್ಕಳಿಗೆ ನನ್ನ ಮೇಲೆ ಸಂಶಯ ಬಂದಿದೆ.

"ಆಮ್ನಾಳಿಗೆ ಫೋಟೋ ತೆಗೆದು ಕಳಿಸಿಬಿಡು, ಎರಡು ನಿಮಿಷದ ಕೆಲಸ," ಎಂದಳು ಲತೀಫಾ. ನಾನು ಬೇಡ ಎಂದೆ. ಈ ಪುಟಗಳು ನನ್ನ ಕಪಾಟಿನಲ್ಲಿ ಉಳಿಯಬಾರದು. ನೀನು ಬರೆದದ್ದು, ಅದರ ಮೇಲೆ ನಾನು ಎಳೆದದ್ದು, ಎರಡನ್ನೂ ಆಮ್ನಾ ಕೈಯಲ್ಲಿ ಹಿಡಿದು ನೋಡಬೇಕು. ಜೊತೆಗೆ ಸಂಪಾದಕಿಯ ಉತ್ತರವನ್ನು ಪ್ರಿಂಟ್ ಮಾಡಿಸಿ ಇಟ್ಟಿದ್ದೇನೆ, ಈ ಕಾಗದವನ್ನೂ ಇಡುತ್ತೇನೆ. ಇದನ್ನು ಅವಳು ಫೋಟೋ ತೆಗೆದು ಕಳಿಸಿದರೆ ಅವಳಪ್ಪ ಫೋನಿನಲ್ಲಿ ಓದಿ ಹೇಳಲಿ. ಇಸ್ಮಾಯಿಲ್ ಭಾಯ್‌ಗೂ ಗೊತ್ತಾಗಬೇಕಾದ್ದೇ. ಆ ಪತ್ರಿಕೆಗೆ ಮತ್ತೆ ಕಳಿಸುವುದೋ ಬಿಡುವುದೋ ಆಮ್ನಾಳಿಗೆ ಸೇರಿದ್ದು. ಕಳಿಸಿದರೆ ನಾನು ತಿದ್ದುವುದಿಲ್ಲ. ಅವಳು ನನ್ನ ಜೊತೆ ಮಾತು ಬಿಡಬಹುದು. ಅದೂ ಅವಳಿಗೆ ಸೇರಿದ್ದು.

ನಿನ್ನೆ ಅವಳಿಗೆ ಫೋನು ಮಾಡಿ ವಿಳಾಸ ಕೇಳಿದೆ. "ಏನು ಕಳಿಸ್ತೀರಿ ಆಂಟಿ?" ಎಂದಳು. "ನಿನ್ನ ಅಮ್ಮಿ ಬರೆದದ್ದು" ಎಂದೆ. ಅವಳು ಒಂದೊಂದೇ ಅಕ್ಷರ ಹೇಳಿ ವಿಳಾಸ ಬರೆಸಿದಳು. ಚಳಿಗಾಲದ ರಜೆ ಮುಗಿಸಿ ಹಾಸ್ಟೆಲ್ಲಿಗೆ ವಾಪಸಾಗುವುದು ಜನವರಿ ಮೂರನೇ ವಾರವಂತೆ, ಅದಕ್ಕೂ ಮೊದಲು ಬಂದರೆ ತೆಗೆದುಕೊಳ್ಳಲು ಯಾರೂ ಇರುವುದಿಲ್ಲ. ಲಕೋಟೆಯ ಮೇಲೆ ವಿಳಾಸ ಬರೆದಾಗಿದೆ. ಇಲ್ಲಿನ ಅಂಚೆ ಕಚೇರಿ ವಾರದ ಕೆಲಸ ಶುರುಮಾಡುವ ಭಾನುವಾರವೇ, ಶಾಲೆಗೆ ಹೋಗುವ ದಾರಿಯಲ್ಲಿ, ಲತೀಫಾಳ ಕಾರಿನಲ್ಲಿ ಹೋಗಿ ಹಾಕುತ್ತೇನೆ.

ಎರಡನೇ ಮಹಡಿಯ ರುಕಿಯಾ

ಅಂಚೆಗೆ ಹಾಕುವುದು: ಜನವರಿ ಹದಿನೆಂಟು, ಭಾನುವಾರ